ರಸಾಯನಶಾಸ್ತ್ರ ಪದವಿಯಲ್ಲಿ ಕಲಿಕಾ ಫಲ ಅಳೆಯುವುದು ಹೇಗೆ: ಒಂದು ಅಧ್ಯಯನ ಟಿಪ್ಪಣಿ

ಒಬ್ಬ ವಿದ್ಯಾರ್ಥಿನಿಗೆ ಅನಲಿಟಿಕಲ್ ಕೆಮಿಸ್ಟ್ರಿಯಲ್ಲಿ 62 ಅಂಕ ಬಂದಿದೆ ಅಂದುಕೊಳ್ಳಿ. ಆಕೆಗೆ ಬಫರ್ ದ್ರಾವಣದ ಲೆಕ್ಕ ಬರುತ್ತದಾ? ಬ್ಯುರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ, ಗೆರೆ ಹಾಕಿದ ಗಾಜಿನ ಕೊಳವೆ) ಸರಿಯಾಗಿ ಓದಲು ಬರುತ್ತದಾ? ತಾನು ಪಡೆದ ಉತ್ತರವನ್ನು ಎಷ್ಟು ನಂಬಬಹುದು ಎಂದು ಹೇಳಲು ಬರುತ್ತದಾ? 62 ಎಂಬ ಸಂಖ್ಯೆ ಇದ್ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಲೆಕ್ಕದಲ್ಲಿ ಗಟ್ಟಿ, ಪ್ರಯೋಗದಲ್ಲಿ ಕಚ್ಚಾ ಇರುವವಳಿಗೂ 62 ಬರಬಹುದು. ಪ್ರಯೋಗದಲ್ಲಿ ಗಟ್ಟಿ, ಲೆಕ್ಕದಲ್ಲಿ ಕಚ್ಚಾ ಇರುವವಳಿಗೂ ಅಷ್ಟೇ ಬರಬಹುದು. ವರದಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಕ್ಕೆ ಸಿಕ್ಕ ಅಂಕವೂ ಅದರಲ್ಲೇ ಬೆರೆತಿರುತ್ತದೆ.

ಕಲಿಕಾ ಫಲದ ಮೌಲ್ಯಮಾಪನ ಶುರುವಾಗುವುದೇ ಇಲ್ಲಿಂದ. ಅಂಕ ಎಲ್ಲವನ್ನೂ ಕೂಡಿಸಿ ಹೇಳಿದ ಒಂದೇ ಮಾತು. ಕಲಿಕಾ ಫಲ ಅಂದರೆ ಪದವಿ ಮುಗಿಸಿದವರು ಏನೇನು ಮಾಡಬಲ್ಲರು ಎಂಬ ಬಿಡಿ ಬಿಡಿ ಮಾತುಗಳು. ಒಂದೊಂದಕ್ಕೂ ಅದರದ್ದೇ ಪುರಾವೆ ಬೇಕು. ಮುಂದೆ ಬರುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತದೆ, ಹಾಗಾಗಿ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಫಲವನ್ನು ಬರೆಯುವುದು

"ವಿದ್ಯಾರ್ಥಿಗಳು ಟೈಟ್ರೇಶನ್ ತತ್ವವನ್ನು ಅರ್ಥಮಾಡಿಕೊಳ್ಳುತ್ತಾರೆ." ಟೈಟ್ರೇಶನ್ ಅಂದರೆ ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತಾ ಇನ್ನೊಂದರ ಸಾಂದ್ರತೆ ಕಂಡುಹಿಡಿಯುವುದು. ಈ ವಾಕ್ಯ ಓದಲು ಚೆನ್ನಾಗಿದೆ. ಆದರೆ ಅರ್ಥವಾಗಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಇದನ್ನೇ ಹೀಗೆ ಬರೆಯಿರಿ: "ಸಾಂದ್ರತೆ ಗೊತ್ತಿಲ್ಲದ ಆಮ್ಲವನ್ನು ಟೈಟ್ರೇಟ್ ಮಾಡಿ, 0.1 ಮಿ.ಲೀ. ಒಳಗೆ ಪರಸ್ಪರ ಹೊಂದುವ ಮೂರು ರೀಡಿಂಗ್ ಪಡೆದು, ಸಾಂದ್ರತೆಯನ್ನು ಅನಿಶ್ಚಿತತೆಯ ಸಮೇತ ವರದಿ ಮಾಡುತ್ತಾರೆ." ಈಗ ಏನನ್ನು ನೋಡಬೇಕು ಎನ್ನುವುದು ವಾಕ್ಯದಲ್ಲೇ ಇದೆ.

ಕ್ರಿಯಾಪದ ಆರಿಸಲು ಎಲ್ಲರೂ ಕಲಿಕೆಯನ್ನು ಹಂತಗಳಾಗಿ ವಿಂಗಡಿಸುವ ಬ್ಲೂಮ್ ವರ್ಗೀಕರಣದ ಮೊರೆ ಹೋಗುತ್ತಾರೆ. ಅದು ಬಂದದ್ದು 1956ರಲ್ಲಿ. 2001ರಲ್ಲಿ ಪರಿಷ್ಕರಣೆಯಾಗಿ ಅದರ ಆರು ಹಂತಗಳೂ ಕ್ರಿಯಾಪದಗಳಾದವು: ನೆನಪಿಡುವುದು, ಅರ್ಥಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಷ್ಟಿಸುವುದು. ಪಟ್ಟಿ ಉಪಯುಕ್ತವೇ. ಆದರೆ ಕ್ರಿಯಾಪದವೊಂದೇ ಹಂತವನ್ನು ತೀರ್ಮಾನಿಸುವುದಿಲ್ಲ. ಒಂದು ರಿಯಾಕ್ಷನ್ ಮೆಕ್ಯಾನಿಸಮ್ (ಪ್ರತಿಕ್ರಿಯೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಬಗೆ) ಅನ್ನು ತರಗತಿಯಲ್ಲಿ ಹಾಗೇ ಬಿಡಿಸಿ ತೋರಿಸಿ, ಪರೀಕ್ಷೆಯಲ್ಲಿ "ವಿಶ್ಲೇಷಿಸಿ" ಎಂದು ಕೇಳಿದರೆ ಅಲ್ಲಿ ನಡೆಯುವುದು ಬರೀ ನೆನಪು. ಮೊದಲು ನೋಡಿರದ ಅಣು ಕೊಟ್ಟು ಅದೇ ಪ್ರಶ್ನೆ ಕೇಳಿದರೆ ಮಾತು ಬೇರೆ.

ಇಡೀ ಪದವಿಗೆ ಬೇಕಾದ ಫಲಗಳು ತುಂಬಾ ಇರಬೇಕಿಲ್ಲ: ಪರಿಕಲ್ಪನೆ, ಪ್ರಯೋಗ ಕೌಶಲ, ಸುರಕ್ಷತೆ, ದತ್ತಾಂಶ ವಿಶ್ಲೇಷಣೆ, ಸಂಶೋಧನಾ ಲೇಖನಗಳನ್ನು ಹುಡುಕಿ ಓದುವುದು, ಬರೆದು ಹೇಳುವುದು, ವೃತ್ತಿ ನೈತಿಕತೆ. ಇವನ್ನು ಒಂದು ಕಡೆ, ಕೋರ್ಸ್‌ಗಳನ್ನು ಇನ್ನೊಂದು ಕಡೆ ಇಟ್ಟು ಕೋಷ್ಟಕ ಮಾಡಿ. ಯಾವ ಫಲ ಯಾವ ಕೋರ್ಸ್‌ನಲ್ಲಿ ಪರಿಚಯವಾಗುತ್ತದೆ, ಎಲ್ಲಿ ಅಭ್ಯಾಸವಾಗುತ್ತದೆ, ಎಲ್ಲಿ ಪಕ್ವವಾಗುತ್ತದೆ ಎಂದು ಗುರುತು ಹಾಕಿ. ಇದೇ ಪಠ್ಯಕ್ರಮ ನಕ್ಷೆ. ಕೋಷ್ಟಕ ತುಂಬುವಾಗಲೇ ಅರ್ಧ ಸತ್ಯ ಹೊರಗೆ ಬರುತ್ತದೆ. "ವೈಜ್ಞಾನಿಕ ಬರವಣಿಗೆ" ಐದು ಕೋರ್ಸ್‌ಗಳಲ್ಲಿ ಪರಿಚಯವಾಗಿ, ಎಲ್ಲೂ ಪಕ್ವವಾಗದೆ ಉಳಿದಿರಬಹುದು. ಅದನ್ನು ಕಲಿಸುವ ಕೆಲಸ ಮುಂದಿನ ಕೋರ್ಸ್‌ನದು ಎಂದು ಪ್ರತಿಯೊಬ್ಬರೂ ನಂಬಿಕೊಂಡಿರುತ್ತಾರೆ.

ಟೈಟ್ರೇಶನ್ ಹತ್ತಿರದಿಂದ

ಪ್ರಯೋಗ ಕೌಶಲವನ್ನು ವರದಿ ನೋಡಿ ಅಳೆಯುವುದು ಬಹಳ ಕಡೆ ರೂಢಿ. ಇದು ಎಲ್ಲಿ ಕೈಕೊಡುತ್ತದೆ ನೋಡಿ.

ಇಬ್ಬರು ಸೇರಿ ಪ್ರಯೋಗ ಮಾಡಿದ್ದಾರೆ. ರೀಡಿಂಗ್‌ಗಳು 24.95, 25.00, 24.95 ಮಿ.ಲೀ. ಮೂರೂ ಚೆನ್ನಾಗಿ ಹೊಂದುತ್ತವೆ. ಆದರೆ ನಿಜವಾಗಿ ಬರಬೇಕಿದ್ದದ್ದು 24.60. ಏನಾಯಿತು? ಪ್ರತಿ ಸಲವೂ ಕೋನಿಕಲ್ ಫ್ಲಾಸ್ಕ್ ಅನ್ನು ಅವರು ಆಮ್ಲದಿಂದಲೇ ತೊಳೆದಿದ್ದಾರೆ. ಗೋಡೆಗೆ ಅಂಟಿದ ಹನಿಗಳಿಂದ ಪಿಪೆಟ್ ಅಳೆದು ಹಾಕಿದ್ದಕ್ಕಿಂತ ಜಾಸ್ತಿ ಆಮ್ಲ ಫ್ಲಾಸ್ಕ್‌ನಲ್ಲಿ ಇರುತ್ತದೆ, ಹಾಗಾಗಿ ಕ್ಷಾರವೂ ಜಾಸ್ತಿ ಬೇಕಾಗುತ್ತದೆ. ಫ್ಲಾಸ್ಕ್ ತೊಳೆಯಬೇಕಾದದ್ದು ಡಿಸ್ಟಿಲ್ಡ್ ನೀರಿನಿಂದ. ಬ್ಯುರೆಟ್ ಮತ್ತು ಪಿಪೆಟ್‌ಗಳ ವಿಷಯದಲ್ಲಿ ಇದು ತಿರುವುಮುರುವು: ಕೊನೆಯ ಸಲ ಅವುಗಳೊಳಗೆ ಹಾಕುವ ದ್ರಾವಣದಿಂದಲೇ ತೊಳೆಯಬೇಕು, ಇಲ್ಲವಾದರೆ ಉಳಿದ ನೀರು ದ್ರಾವಣವನ್ನು ತೆಳು ಮಾಡುತ್ತದೆ.

ಮೂರು ರೀಡಿಂಗ್ ಹೊಂದಿದವು ಅಂದರೆ ಒಂದೇ ತಪ್ಪು ಮೂರು ಸಲ ಆಗಿರುವ ಸಾಧ್ಯತೆಯೂ ಇದೆ, ಅಲ್ವಾ? ಇದು ವರದಿಯ ಕಾಗದದಲ್ಲಿ ಕಾಣುವುದಿಲ್ಲ. ಇಬ್ಬರಲ್ಲಿ ಬ್ಯುರೆಟ್ ಹಿಡಿದವರು ಯಾರು, ಸುಮ್ನೆ ಪಕ್ಕದಲ್ಲಿ ನಿಂತು ಸಂಖ್ಯೆ ಬರೆದುಕೊಂಡವರು ಯಾರು ಎನ್ನುವುದೂ ಕಾಣುವುದಿಲ್ಲ. ಕೈ ಕೌಶಲ ಅಳೆಯಬೇಕಾದರೆ ಕೈಯನ್ನೇ ನೋಡಬೇಕು, ಬೇರೆ ದಾರಿ ಇಲ್ಲ. ಬ್ಯುರೆಟ್‌ನ ತುದಿಯ ಗಾಳಿಗುಳ್ಳೆ ತೆಗೆದರಾ? ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿದರಾ? 0.1 ಮಿ.ಲೀ. ಗೆರೆಗಳ ನಡುವಿನದನ್ನು ಅಂದಾಜಿಸಿ ಎರಡನೇ ದಶಮಾಂಶ ಸ್ಥಾನ ಬರೆದರಾ? ಬಣ್ಣ ಬದಲಿಸಿ ಮುಗಿತಾಯ ತೋರಿಸುವ ಸೂಚಕ ಫಿನಾಲ್ಫ್‌ಥಲೀನ್ ತೆಳು ಗುಲಾಬಿಗೆ ತಿರುಗಿದಾಗ ನಿಲ್ಲಿಸಿದರಾ, ಕಡು ಗುಲಾಬಿಯಾಗುವ ತನಕ ಬಿಟ್ಟರಾ? ತರಗತಿ ದೊಡ್ಡದಿದ್ದರೆ ಎಲ್ಲರ ಪಕ್ಕ ನಿಂತು ನೋಡಲಾಗದು. ಆಗ ವಿದ್ಯಾರ್ಥಿಯೇ ತಾನು ಮಾಡುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ, ಪ್ರತಿ ಹೆಜ್ಜೆಗೂ ಕಾರಣ ಹೇಳುತ್ತಾ ಸಲ್ಲಿಸುವ ಕ್ರಮ ಒಳ್ಳೆಯದು. ನನಗೆ ಇದು ಹೆಚ್ಚು ಇಷ್ಟವಾಗುವುದು ಆ ಕಾರಣ ಹೇಳುವ ಭಾಗಕ್ಕಾಗಿ. ಕೈ ಏನು ಮಾಡಿತು, ಯಾಕೆ ಮಾಡಿತು, ಎರಡೂ ಒಟ್ಟಿಗೆ ಸಿಗುತ್ತವೆ.

ನೋಡಿದ್ದನ್ನು ದಾಖಲಿಸಲು ರೂಬ್ರಿಕ್, ಅಂದರೆ ಹಂತ ಹಂತವಾಗಿ ಅಳೆಯುವ ಮಾನದಂಡಗಳ ಕೋಷ್ಟಕ ಬೇಕು. "ಉತ್ತಮ, ಸಾಧಾರಣ, ಕಳಪೆ" ಎಂದು ಬರೆದರೆ ಅದು ರೂಬ್ರಿಕ್ ಆಗುವುದಿಲ್ಲ. ಪ್ರತಿ ಹಂತದಲ್ಲಿ ಕಣ್ಣಿಗೆ ಏನು ಕಾಣುತ್ತದೆ ಎಂದು ಬರೆಯಬೇಕು. ಅನಿಶ್ಚಿತತೆಯ ಸಾಲನ್ನೇ ತೆಗೆದುಕೊಳ್ಳಿ. ಕೆಳಗಿನ ಹಂತ: ಉತ್ತರಕ್ಕೆ ಅನಿಶ್ಚಿತತೆ ಬರೆದಿಲ್ಲ. ನಡುವಿನದು: ಸಂಖ್ಯೆ ಬರೆದಿದ್ದಾರೆ, ಅದು ಎಲ್ಲಿಂದ ಬಂತು ಎಂದು ಹೇಳಿಲ್ಲ. ಮೇಲಿನದು: ಬ್ಯುರೆಟ್, ಪಿಪೆಟ್ ಮತ್ತು ಎಂಡ್ ಪಾಯಿಂಟ್ (ಬಣ್ಣ ಬದಲಾಗಿ ನಿಲ್ಲಿಸುವ ಕ್ಷಣ) ಮೂರರ ಪಾಲನ್ನು ಹೋಲಿಸಿ, ಯಾವುದು ದೊಡ್ಡದು ಎಂದು ತೋರಿಸಿದ್ದಾರೆ. ಬರೆಯಲು ಕಷ್ಟವಾಗುವುದು ನಡುವಿನ ಹಂತವೇ, ಅಲ್ಲಿಗೆ ಜಾಸ್ತಿ ಹೊತ್ತು ಕೊಡಿ.

ಇಬ್ಬರು ಅಧ್ಯಾಪಕರು ಒಬ್ಬರ ಅಂಕ ಇನ್ನೊಬ್ಬರು ನೋಡದೆ ಅದೇ ವರದಿಗಳನ್ನು ಅಳೆದು ನೋಡಲಿ. ಇಬ್ಬರ ತೀರ್ಪು 85% ಹೊಂದಿತು ಅಂದುಕೊಳ್ಳಿ. ಖುಷಿಪಡುವ ಮುಂಚೆ ಒಂದು ಲೆಕ್ಕ ಮಾಡಿ. ಇಬ್ಬರೂ ತಲಾ 90% ವರದಿಗಳಿಗೆ "ಸಾಕು", 10%ಕ್ಕೆ "ಸಾಲದು" ಕೊಟ್ಟಿದ್ದರೆ, ಬರೀ ಆಕಸ್ಮಿಕವಾಗಿಯೇ 0.81 ಮತ್ತು 0.01 ಸೇರಿ 82% ಹೊಂದುತ್ತದೆ. ಈ ಆಕಸ್ಮಿಕದ ಪಾಲನ್ನು ಕಳೆಯುವ ಅಳತೆಯೇ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ. ಇಲ್ಲಿ 0.85ರಿಂದ 0.82 ಕಳೆದು ಬಂದ 0.03 ಅನ್ನು, 1ರಿಂದ 0.82 ಕಳೆದು ಬಂದ 0.18ರಿಂದ ಭಾಗಿಸಿದರೆ ಸುಮಾರು 0.17. ಪೂರ್ತಿ ಹೊಂದಿದ್ದರೆ 1 ಬರುತ್ತಿತ್ತು. ರೂಬ್ರಿಕ್‌ನ ಮಾತುಗಳನ್ನು ಇಬ್ಬರೂ ಒಂದೇ ರೀತಿ ಓದುತ್ತಿಲ್ಲ ಎಂದೇ ಇದರ ಅರ್ಥ. ಇಬ್ಬರೂ ಕೂತು, ತೀರ್ಪು ಬೇರೆಯಾದ ವರದಿಗಳನ್ನು ಮುಂದಿಟ್ಟುಕೊಂಡು ಮಾತಾಡಿ, ವಾಕ್ಯಗಳನ್ನು ತಿದ್ದಬೇಕು.

ಲೆಕ್ಕ ಬಂದರೆ ಅರ್ಥವಾಗಿದೆ ಎಂದಾ?

1987ರಲ್ಲಿ ನ್ಯೂರೆನ್‌ಬರ್ನ್ ಮತ್ತು ಪಿಕರಿಂಗ್ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ವಿಷಯದ ಮೇಲೆ ಒಂದು ಲೆಕ್ಕದ ಪ್ರಶ್ನೆ, ಒಂದು ಕಣಗಳ ಚಿತ್ರದ ಪ್ರಶ್ನೆ ಕೊಟ್ಟು ನೋಡಿದರು. ಲೆಕ್ಕ ಸರಿ ಮಾಡಿದವರಲ್ಲೂ ಬಹಳ ಮಂದಿ ಚಿತ್ರದ ಪ್ರಶ್ನೆಯಲ್ಲಿ ಎಡವಿದರು. ಇದನ್ನು ಅರ್ಥಮಾಡಿಕೊಳ್ಳಲು ಜಾನ್‌ಸ್ಟನ್ ಹೇಳಿದ ಮೂರು ಮಟ್ಟಗಳು ನೆರವಾಗುತ್ತವೆ: ಕಣ್ಣಿಗೆ ಕಾಣುವುದು, ಕಣಗಳ ಮಟ್ಟದಲ್ಲಿ ನಡೆಯುವುದು, ಸಂಕೇತಗಳಲ್ಲಿ ಬರೆಯುವುದು. ಪರೀಕ್ಷೆಗಳು ಮೂರನೆಯದರಲ್ಲೇ ಓಡಾಡುತ್ತಿದ್ದರೆ ಎರಡನೆಯದರಲ್ಲಿ ಇರುವ ಗೊಂದಲ ಹೊರಗೆ ಬರುವುದೇ ಇಲ್ಲ.

ಒಂದು ಪ್ರಶ್ನೆ ಮಾಡೋಣ. ಒಂದು ಚೌಕದೊಳಗೆ ನೈಟ್ರೋಜನ್‌ನ 3 ಅಣು, ಹೈಡ್ರೋಜನ್‌ನ 6 ಅಣು ಬಿಡಿಸಿದೆ. ಪ್ರತಿಕ್ರಿಯೆ ಪೂರ್ತಿಯಾಗಿ ಅಮೋನಿಯಾ ಆಯಿತು ಎಂದುಕೊಂಡು, ಕೊನೆಯ ಚಿತ್ರ ಆರಿಸಿ. ಒಂದು ನೈಟ್ರೋಜನ್ ಅಣುವಿಗೆ ಮೂರು ಹೈಡ್ರೋಜನ್ ಅಣು ಬೇಕು. ಹಾಗಾಗಿ ಹೈಡ್ರೋಜನ್ ಮೊದಲು ಮುಗಿಯುತ್ತದೆ, ಅಮೋನಿಯಾದ 4 ಅಣು ಆಗಿ ನೈಟ್ರೋಜನ್‌ನ 1 ಅಣು ಉಳಿಯುತ್ತದೆ.

ಈಗ ತಪ್ಪು ಆಯ್ಕೆಗಳನ್ನು ನೋಡಿ, ನನ್ನ ಪ್ರಕಾರ ಪ್ರಶ್ನೆಯ ಜೀವ ಇರುವುದೇ ಅಲ್ಲಿ. 6 ಅಮೋನಿಯಾ ಆರಿಸಿದವರು ಲಿಮಿಟಿಂಗ್ ರಿಯೇಜೆಂಟ್ (ಮೊದಲು ಮುಗಿದುಹೋಗುವ ಪದಾರ್ಥ) ಅನ್ನು ಗಮನಿಸಿಲ್ಲ. 4 ಅಮೋನಿಯಾ ಮಾತ್ರ ಇದ್ದು ಏನೂ ಉಳಿಯದ ಚಿತ್ರ ಆರಿಸಿದವರು ಲೆಕ್ಕ ಮಾಡಿದ್ದಾರೆ, ಆದರೆ ಪರಮಾಣುಗಳ ಎಣಿಕೆ ಸರಿದೂಗಿಸಿಲ್ಲ. ಬರೀ 2 ಅಮೋನಿಯಾ ಆರಿಸಿದವರು ಸಮೀಕರಣವನ್ನೇ ಚಿತ್ರ ಎಂದುಕೊಂಡಿದ್ದಾರೆ. ಇನ್ನೊಂದರಲ್ಲಿ ಎರಡು ನೈಟ್ರೋಜನ್, ಆರು ಹೈಡ್ರೋಜನ್ ಪರಮಾಣು ಒಂದೇ ಗೊಂಚಲಾಗಿ ಅಂಟಿಕೊಂಡಿವೆ. ಅದನ್ನು ಆರಿಸಿದವರಿಗೆ ಮುಂದೆ ಬರೆಯುವ ದೊಡ್ಡ 2ಕ್ಕೂ ಕೆಳಗೆ ಬರೆಯುವ ಚಿಕ್ಕ ಸಂಖ್ಯೆಗೂ ವ್ಯತ್ಯಾಸ ಗೊತ್ತಿಲ್ಲ. ನಾಲ್ವರಿಗೂ ಸೊನ್ನೆಯೇ ಸಿಗುತ್ತದೆ. ಆದರೆ ನಾಲ್ವರಿಗೂ ಬೇಕಾದ ಪಾಠ ಬೇರೆ ಬೇರೆ. ಉತ್ತರದ ಜೊತೆ ಕಾರಣವನ್ನೂ ಆರಿಸಲು ಹೇಳುವ ಎರಡು ಹಂತದ ಪ್ರಶ್ನೆಗಳು ಈ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ.

ಪ್ರಶ್ನೆಯನ್ನೂ ಪರೀಕ್ಷಿಸಬೇಕು. ಒಟ್ಟು ಅಂಕದ ಪ್ರಕಾರ 40 ಜನರನ್ನು ಸಾಲಾಗಿ ಇಟ್ಟು, ಮೇಲಿನ 10 ಮತ್ತು ಕೆಳಗಿನ 10 ಜನರನ್ನು ತೆಗೆದುಕೊಳ್ಳಿ. ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಜನ ಸರಿ ಮಾಡಿದ್ದರೆ ವ್ಯತ್ಯಾಸ ಸೂಚ್ಯಂಕ (ಎರಡರ ವ್ಯತ್ಯಾಸವನ್ನು ಗುಂಪಿನ 10ರಿಂದ ಭಾಗಿಸಿದ್ದು) 0.6, ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಮೇಲಿನವರಲ್ಲಿ 5, ಕೆಳಗಿನವರಲ್ಲಿ 6 ಆದರೆ ಅದು ಮೈನಸ್ 0.1. ಅಂಥ ಕಡೆ ಮೊದಲು ಉತ್ತರದ ಕೀ ನೋಡಿ, ಆಮೇಲೆ ಪ್ರಶ್ನೆಯ ವಾಕ್ಯ ನೋಡಿ.

ಕೋರ್ಸ್ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಅದೇ ಪರೀಕ್ಷೆ ಕೊಟ್ಟು ಹೋಲಿಸುವಾಗ, 1998ರಲ್ಲಿ ಭೌತಶಾಸ್ತ್ರ ಶಿಕ್ಷಣದಲ್ಲಿ ಹೇಕ್ ಬಳಸಿದ ಗಳಿಕೆಯ ಅಳತೆ ಇಲ್ಲೂ ಚಾಲ್ತಿಯಲ್ಲಿದೆ. ಏರಿದ ಅಂಕವನ್ನು ಏರಲು ಸಾಧ್ಯವಿದ್ದ ಅಂಕದಿಂದ ಭಾಗಿಸಬೇಕು. ತರಗತಿಯ ಸರಾಸರಿ 40ರಿಂದ 70ಕ್ಕೆ ಹೋದರೆ 30 ಭಾಗಿಸು 60, ಅಂದರೆ 0.5. 80ರಿಂದ 85ಕ್ಕೆ ಹೋದರೆ 0.25.

ಅಭಿಪ್ರಾಯ ಸಮೀಕ್ಷೆ, ಹಳೆಯ ವಿದ್ಯಾರ್ಥಿಗಳ ಮಾತು, ಇವೆಲ್ಲ ಪರೋಕ್ಷ ಪುರಾವೆ. ಜೊತೆಗೆ ಇರಲಿ. ಆದರೆ "ನನಗೆ ಸ್ಪೆಕ್ಟ್ರಮ್ ಓದಲು ಬರುತ್ತದೆ ಅನಿಸುತ್ತದೆ" ಎನ್ನುವುದು, ಗೊತ್ತಿಲ್ಲದ ಸಂಯುಕ್ತದ ಐಆರ್ ಮತ್ತು ಎನ್‌ಎಂಆರ್ (ಅಣುವಿನ ರಚನೆ ತಿಳಿಸುವ ಎರಡು ಬಗೆಯ ಸ್ಪೆಕ್ಟ್ರಮ್) ಕೊಟ್ಟಾಗ ಬರುವ ಉತ್ತರಕ್ಕೆ ಬದಲಿ ಆಗುವುದಿಲ್ಲ.

ಪುರಾವೆ ಸಿಕ್ಕ ಮೇಲೆ

ಕೊನೆಯ ವರ್ಷದಲ್ಲಿ 8 ವಿದ್ಯಾರ್ಥಿಗಳಿದ್ದಾರೆ, 6 ಜನ ಗುರಿ ಮುಟ್ಟಿದ್ದಾರೆ. 75% ಎಂದು ಬರೆಯಬಹುದು. ಆದರೆ ಒಬ್ಬರು ಆಚೀಚೆ ಆದರೆ ಆ ಸಂಖ್ಯೆ 12.5 ಅಂಶ ಅಲ್ಲಾಡುತ್ತದೆ. ಚಿಕ್ಕ ವಿಭಾಗಗಳು ಎರಡು ಮೂರು ವರ್ಷದ ದಾಖಲೆ ಕೂಡಿಸಿ ನೋಡುವುದು ಒಳ್ಳೆಯದು, ಮತ್ತು ಒಟ್ಟು ಶೇಕಡಾವಾರಿಗಿಂತ ರೂಬ್ರಿಕ್‌ನ ಯಾವ ಸಾಲಿನಲ್ಲಿ ಪದೇ ಪದೇ ಎಡವುತ್ತಿದ್ದಾರೆ ಎಂದು ನೋಡುವುದು ಇನ್ನೂ ಒಳ್ಳೆಯದು.

ಅನಿಶ್ಚಿತತೆಯ ಸಾಲಿನಲ್ಲೇ ಹೆಚ್ಚು ಜನ ಸೋತಿದ್ದಾರೆ ಎಂದಿಟ್ಟುಕೊಳ್ಳಿ. ಕೊನೆಯ ವರ್ಷದಲ್ಲಿ ಇನ್ನೊಂದು ಉಪನ್ಯಾಸ ಸೇರಿಸುವುದು ಸುಲಭ, ಆದರೆ ಪಠ್ಯಕ್ರಮ ನಕ್ಷೆ ತೆಗೆದು ನೋಡಿದರೆ ಮೊದಲ ವರ್ಷದ ಯಾವ ಪ್ರಯೋಗದಲ್ಲೂ ಅದನ್ನು ಕೇಳಿಲ್ಲ ಎಂದು ಕಾಣಬಹುದು. ಹಾಗಿದ್ದರೆ ಮೊದಲ ಪ್ರಯೋಗದಿಂದಲೇ ಪ್ರತಿ ವರದಿಯಲ್ಲೂ ಒಂದು ಸಾಲು ಅನಿಶ್ಚಿತತೆ ಕೇಳಿ. ಮುಂದೆ ಅದೇ ರೂಬ್ರಿಕ್‌ನಿಂದ ಮತ್ತೆ ಅಳೆಯಿರಿ. ಪಾಠವನ್ನೂ ರೂಬ್ರಿಕ್ ಅನ್ನೂ ಒಟ್ಟಿಗೆ ಬದಲಿಸಬೇಡಿ, ಆಗ ಏರಿಕೆ ಯಾವುದರಿಂದ ಬಂತು ಎಂದು ಹೇಳಲಾಗದು. ಎಷ್ಟು ಜನ ಮುಟ್ಟಿದರೆ ಸಾಕು ಎಂಬ ಗುರಿಯನ್ನೂ ಫಲಿತಾಂಶ ಕೈಗೆ ಬರುವ ಮುಂಚೆಯೇ ಬರೆದಿಟ್ಟುಕೊಳ್ಳಿ.