ಸಿಟ್ಟಿಗೆ ಥೆರಪಿಸ್ಟ್ ಹುಡುಕುವಾಗ ಯಾವ ಭಾಷೆಯಲ್ಲಿ ಬೈತೀರಿ ಅಂತ ನೋಡಿಕೊಳ್ಳಿ

ಸಿಟ್ಟಿನ ವಿಷಯಕ್ಕೆ ನನಗೆ ಬರುವ ಫೋನುಗಳಲ್ಲಿ ಸಿಟ್ಟು ಮಾಡಿಕೊಳ್ಳುವವರದ್ದು ಕಡಿಮೆ. ಹೆಂಡತಿಯದ್ದು, ಅಮ್ಮನದ್ದೇ ಜಾಸ್ತಿ. "ಮೇಡಂ, ನಮ್ಮ ಯಜಮಾನ್ರಿಗೆ ಮೂಗಿನ ತುದೀಲೇ ಸಿಟ್ಟು. ಕರೆದ್ರೆ ಬರಲ್ಲ. ಗೊತ್ತಾಗದ ಹಾಗೆ ಕಾಫೀಲಿ ಹಾಕಿ ಕೊಡೋಕೆ ಏನಾದ್ರೂ ಮಾತ್ರೆ ಇದೆಯಾ?"

ಇಲ್ಲ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ನಾನು ಮಾತ್ರೆ ಬರೆಯುವವಳಲ್ಲ. ಬರೆಯುವ ಡಾಕ್ಟರೂ ಹೀಗೆ ಕದ್ದು ಕೊಡಿ ಅನ್ನಬಾರದು. ಅದು ಗೊತ್ತಾದ ದಿನ ಮನೆಯಲ್ಲಿ ಏನಾಗುತ್ತೆ ಅಂತ ಸ್ವಲ್ಪ ಊಹಿಸಿಕೊಳ್ಳಿ.

ಆದರೆ ಒಮ್ಮೊಮ್ಮೆ ಸಿಟ್ಟಿನವರೇ ಫೋನ್ ಮಾಡ್ತಾರೆ. ರಾತ್ರಿ ಹತ್ತರ ಮೇಲೆ, ದನಿ ತಗ್ಗಿಸಿ. ಏನೋ ಒಂದು ಆಗಿರುತ್ತೆ, ಮಗಳು ಹೆದರಿ ಬಾಗಿಲ ಹಿಂದೆ ನಿಂತಿದ್ದು ಕಣ್ಣಿಗೆ ಬಿದ್ದಿರುತ್ತೆ. ಥೆರಪಿಸ್ಟ್, ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುವವರನ್ನು, ಹುಡುಕುವುದು ಹೇಗೆ ಅನ್ನುವ ಈ ಬರಹ ಅವರಿಗೆ.

ಮೊದಲು ಯಾರು ಏನು ಅನ್ನೋದು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಮಾತ್ರೆ ಕೊಡಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಎಂ.ಫಿಲ್ ಅಥವಾ ಅದಕ್ಕೆ ಸಮನಾದ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ಹೆಸರು ನೋಂದಾಯಿಸಿಕೊಂಡವರು. ಅವರಿಗೆ ಆ ನೋಂದಣಿಯ ನಂಬರ್, ಅಂದರೆ ಸಿಆರ್‌ಆರ್ ನಂಬರ್, ಇರುತ್ತೆ, ಕೇಳಿದರೆ ಹೇಳಬೇಕು. ಕೇಳಿದ್ದಕ್ಕೇ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ. ಕೌನ್ಸೆಲರ್‌ಗಳಲ್ಲಿ ಮನಃಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿ ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದವರು ಇದ್ದಾರೆ, ಎರಡು ದಿನದ ಆನ್‌ಲೈನ್ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿಕೊಂಡವರೂ ಇದ್ದಾರೆ. ಹೊರಗಿನ ಬೋರ್ಡ್ ನೋಡಿದರೆ ವ್ಯತ್ಯಾಸ ತಿಳಿಯಲ್ಲ.

ಥೆರಪಿಗೆ ಮುಂಚೆ ಒಮ್ಮೆ ಮಾಮೂಲಿ ಡಾಕ್ಟರನ್ನೂ ನೋಡಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದ್ದರೂ ಮನುಷ್ಯ ಸಿಡುಕುತ್ತಾನೆ. ನಿದ್ದೆ ಕೆಟ್ಟರೂ ಅಷ್ಟೇ. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರಲ್ಲ, ರೇಗಾಟವಾಗಿ ಬರುತ್ತೆ. ಇನ್ನು ಕುಡಿದಾಗ ಮಾತ್ರ ಸಿಟ್ಟು ಬರುತ್ತೆ ಅನ್ನುವವರು ಮೊದಲು ಕುಡಿತಕ್ಕೆ ಚಿಕಿತ್ಸೆ ತಗೊಳ್ಳಿ, ಸಿಟ್ಟಿನ ಮಾತು ಆಮೇಲೆ.

ಈಗ ಭಾಷೆಯ ಮಾತು. ಥೆರಪಿಸ್ಟ್ ಹುಡುಕುವಾಗ ಡಿಗ್ರಿ ನೋಡ್ತಾರೆ, ಫೀಸು ನೋಡ್ತಾರೆ, ಮನೆಯಿಂದ ಎಷ್ಟು ದೂರ ಅಂತ ನೋಡ್ತಾರೆ. ಭಾಷೆ ನೋಡುವವರು ಕಡಿಮೆ. ಬೆಂಗಳೂರಲ್ಲಂತೂ ಇಂಗ್ಲಿಷಲ್ಲೇ ಸೆಷನ್ ನಡೆಸುವವರು ತುಂಬ. ನೀವು ಆಫೀಸಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡಬಹುದು, ಆದರೆ ಪಿತ್ತ ನೆತ್ತಿಗೇರಿದಾಗ ಬಾಯಿಂದ ಬರೋದು ಅಪ್ಪ ಬೈತಿದ್ದ ಭಾಷೆ. ಹಾಸನದ ಕನ್ನಡವೋ, ಕಲಬುರಗಿಯದ್ದೋ, ಮನೆಮಾತು ತುಳುವೋ ಉರ್ದುವೋ. "ಐ ವಾಸ್ ಅಪ್‌ಸೆಟ್" ಅಂತ ಹೇಳಿದರೆ ವಿಷಯ ಇಸ್ತ್ರಿ ಮಾಡಿದ ಬಟ್ಟೆ ಥರ ನೀಟಾಗಿಬಿಡುತ್ತೆ. ಆಡಿದ ಮಾತನ್ನು ಆಡಿದ ಹಾಗೇ ನನ್ನ ಮುಂದೆ ಹೇಳಿ ಅಂದಾಗ ಜನ ತಡವರಿಸ್ತಾರೆ, ತಲೆ ತಗ್ಗಿಸ್ತಾರೆ. ಕೆಲಸ ಶುರುವಾಗೋದು ಅಲ್ಲಿಂದ.

ಹಾರ್ಡ್‌ವೇರ್ ಅಂಗಡಿಯ ಒಬ್ಬರು ಬರ್ತಿದ್ದರು (ಇಬ್ಬರು ಮೂವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ, ಹುಡುಕಬೇಡಿ). "ನಮ್ಮ ಮನೆತನದ ರಕ್ತಾನೇ ಹಂಗೆ ಮೇಡಂ, ಕಂಟ್ರೋಲ್ ಆಗಲ್ಲ" ಅಂದರು. ಸರಿ, ಕೊನೇ ಸಲ ಸಿಟ್ಟು ಬಂದದ್ದನ್ನು ನಿಮಿಷ ನಿಮಿಷವಾಗಿ ಹೇಳಿ ಅಂದೆ. ಮಧ್ಯಾಹ್ನ ಊಟ ಸರಿಯಾಗಿ ಆಗಿಲ್ಲ. ಸಂಜೆ ಒಬ್ಬ ಕಾಂಟ್ರಾಕ್ಟರ್ ನಾಲ್ಕನೇ ಸಲ ಬಾಕಿ ಮುಂದೂಡಿದ್ದಾನೆ, ಇವರು ನಗುತ್ತಲೇ ಟೀ ಕುಡಿಸಿ ಕಳಿಸಿದ್ದಾರೆ. ಒಂಬತ್ತೂವರೆಗೆ ಮನೆಗೆ ಬಂದರೆ ಟಿವಿ ಜೋರಾಗಿತ್ತು. ರಿಮೋಟ್ ಗೋಡೆಗೆ ಹೋಯಿತು. "ಕಾಂಟ್ರಾಕ್ಟರ್ ಮುಂದೆ ಕಂಟ್ರೋಲ್ ಆಯ್ತಲ್ಲ?" ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನೆ ಕೂತಿದ್ದರು.

ಮೊದಲ ಸೆಷನ್‌ನಲ್ಲಿ ನೋಡಬೇಕಾದ್ದು ಇದನ್ನೇ. ಥೆರಪಿಸ್ಟ್ ಒಂದು ನಿಜವಾದ ಘಟನೆ ಹಿಡಿದು ಕೇಳ್ತಾರಾ? ಅದಕ್ಕೂ ಮುಂಚೆ ಏನಾಗಿತ್ತು, ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯ್ತು, ಆಮೇಲೆ ಯಾರು ಏನು ಮಾಡಿದರು ಅಂತ? ಅಥವಾ ಹತ್ತೇ ನಿಮಿಷಕ್ಕೆ "ಧ್ಯಾನ ಮಾಡಿ, ಪಾಸಿಟಿವ್ ಆಗಿರಿ" ಅಂದುಬಿಡ್ತಾರಾ? ಅಷ್ಟು ಹೇಳೋಕೆ ಮನೆಯಲ್ಲಿ ಅತ್ತೆ ಇದ್ದಾರೆ, ಫೀಸ್ ಯಾಕೆ ಅಲ್ವಾ?

ದಿಂಬಿಗೆ ಗುದ್ದಿ, ಸಿಟ್ಟು ಹೊರಗೆ ಹಾಕಿ ಅನ್ನುವವರಿದ್ದಾರೆ. ಅದು ನಡೆಯಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಬ್ರಾಡ್ ಬುಶ್ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಣಕಿದವನನ್ನು ನೆನೆಸಿಕೊಂಡು ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏನೂ ಮಾಡದೆ ಸುಮ್ಮನೆ ಕೂತವರಿಗಿಂತ ಜಾಸ್ತಿಯೇ ಇತ್ತು. ಗುದ್ದಿ ಗುದ್ದಿ ನಾವು ಕಲಿಯೋದು ಗುದ್ದೋದನ್ನೇ.

ಕೆಲಸಕ್ಕೆ ಬರುವ ದಾರಿಯನ್ನು ಅಲ್ಲಿನ ಇನ್ನೊಬ್ಬ ಮನಃಶಾಸ್ತ್ರಜ್ಞ ರೇಮಂಡ್ ನೊವಾಕೊ 1975ರಷ್ಟು ಹಿಂದೆಯೇ ಹಾಕಿಕೊಟ್ಟರು, ನಾವೆಲ್ಲ ಅದರ ಒಂದಲ್ಲ ಒಂದು ರೂಪ ಬಳಸ್ತೀವಿ. ಸಿಟ್ಟಿನ ಡೈರಿ ಬರೆಯೋದು, ಮೈ ಸಡಿಲ ಮಾಡೋದನ್ನು ಕಲಿಯೋದು, "ಬೇಕು ಅಂತಲೇ ಮಾಡ್ತಿದ್ದಾಳೆ" ಅನ್ನುವಂಥ ಯೋಚನೆಯನ್ನು ಹಿಡಿದು ನಿಲ್ಲಿಸಿ ಹೌದಾ ಅಂತ ಕೇಳೋದು, ಆಮೇಲೆ ಸಣ್ಣ ಕಿರಿಕಿರಿಯಿಂದ ಶುರುಮಾಡಿ ದೊಡ್ಡದರವರೆಗೆ ಅಭ್ಯಾಸ ಮಾಡೋದು. ಸಾಮಾನ್ಯವಾಗಿ 8ರಿಂದ 12 ಸೆಷನ್. ಒಂದೇ ಸಲಕ್ಕೆ ವಾಸಿ ಅನ್ನುವವರ ಹತ್ತಿರ ದುಡ್ಡು ಕಟ್ಟಬೇಡಿ.

ದುಡ್ಡಿಲ್ಲ ಅಂದರೂ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರೋದು ಅಷ್ಟಾಗಿ ಗೊತ್ತಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ. ಮನೆಯಿಂದಲೇ ಮಾತಾಡಬೇಕು ಅಂದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಹೇಳಿದ್ದು ಹೊರಗೆ ಹೋಗುತ್ತಾ ಅನ್ನೋ ಭಯ ಬಹಳ ಜನಕ್ಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ನಿಮ್ಮ ಹಕ್ಕು. ಹೆಂಡತಿ ಫೋನ್ ಮಾಡಿ "ಏನಂದ್ರು?" ಅಂತ ಕೇಳಿದರೂ ನಿಮ್ಮ ಒಪ್ಪಿಗೆ ಇಲ್ಲದೆ ನಾನು ಹೇಳಲ್ಲ. ಯಾರ ಪ್ರಾಣಕ್ಕಾದರೂ ಅಪಾಯ ಇದೆ ಅನ್ನಿಸಿದರೆ ಮಾತ್ರ ಆ ಮಾತು ಬೇರೆ. ಅದನ್ನು ಥೆರಪಿಸ್ಟ್ ಮೊದಲ ದಿನವೇ ಹೇಳಿಬಿಡಬೇಕು.

ಒಂದು ಕಹಿ ವಿಷಯ. ಹೊಡೆತ ತಿನ್ನುವ ಹೆಂಗಸರು "ಅವರನ್ನು ಥೆರಪಿಗೆ ಒಪ್ಪಿಸೋದು ಹೇಗೆ?" ಅಂತ ಕೇಳ್ತಾರೆ. ಅಮ್ಮಾ, ಅವರನ್ನು ಸರಿಮಾಡೋದು ನಿಮ್ಮ ಕೆಲಸ ಅಲ್ಲ. ಮೊದಲು ನೀವು, ಮಕ್ಕಳು ಸುರಕ್ಷಿತವಾಗಿರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜೋಡಿಯಾಗಿ ಕೂರಿಸಿ ಕೌನ್ಸೆಲಿಂಗ್ ಮಾಡ್ತೀವಿ ಅಂದರೆ ಈಗ ಬೇಡ ಅನ್ನಿ. ಒಳಗೆ ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಹೊಡೆತ ಬಿದ್ದ ಉದಾಹರಣೆಗಳು ನನಗೆ ಗೊತ್ತು.

ಎರಡು ಮೂರು ಸೆಷನ್ ಆದರೂ ಹೊಂದಿಕೆ ಆಗದಿದ್ದರೆ ಥೆರಪಿಸ್ಟ್ ಬದಲಿಸಿ, ಹೇಳಿಯೇ ಬದಲಿಸಿ, ಒಳ್ಳೆಯವರು ಇನ್ನೊಬ್ಬರ ನಂಬರ್ ಕೊಟ್ಟು ಕಳಿಸ್ತಾರೆ. ಆದರೆ ಕಷ್ಟದ ಪ್ರಶ್ನೆ ಕೇಳಿದರು ಅನ್ನೋದೊಂದೇ ಕಾರಣ ಆಗಿದ್ದರೆ ಇನ್ನೊಂದು ವಾರ ಹೋಗಿ ನೋಡಿ. ಅಂಗಡಿಯವರೂ ಆ ಕಾಂಟ್ರಾಕ್ಟರ್ ಪ್ರಶ್ನೆ ಆದಮೇಲೆ ಎರಡು ವಾರ ತಪ್ಪಿಸಿಕೊಂಡರು. ಮೂರನೇ ವಾರ ಬಂದರು. ಈಗ ಎಂಟು ಗಂಟೆಗೆ ಪಕ್ಕದ ಹೋಟೆಲಲ್ಲಿ ಎರಡು ಇಡ್ಲಿ ತಿಂದು ಆಮೇಲೆ ಶಟರ್ ಎಳೀತಾರೆ, ಬಾಕಿ ಇಟ್ಟವರಿಗೆ ಟೀ ನಿಲ್ಲಿಸಿದ್ದಾರೆ. ಸಿಟ್ಟು ಹೋಯ್ತಾ ಅಂದರೆ, ಇಲ್ಲ. ಹೋದ ತಿಂಗಳು ಒಂದು ದಿನ ಜೋರಾಗಿ ಕೂಗಾಡಿ, ಅದೇ ರಾತ್ರಿ ಡೈರಿಯಲ್ಲಿ ಒಂದೂವರೆ ಪುಟ ಬರೆದು ತಂದಿದ್ದರು. ಬೈದ ಮಾತುಗಳನ್ನೂ ಸೇರಿಸಿ.