ದೇವರು ಹೇಗೂ ಕ್ಷಮಿಸುತ್ತಾನೆ ಅಲ್ವಾ? ಒಂದು ಹಳೆಯ ಧೈರ್ಯದ ಹಿನ್ನೆಲೆ

"ಬಿಡ್ರಿ, ದೇವ್ರು ಕ್ಷಮಿಸ್ತಾನ." ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ಮಾತಿಗೆ ಜಾತಿ-ಧರ್ಮದ ಭೇದವಿಲ್ಲ. ಯುಗಾದಿ ಹತ್ತಿರವಾದರೆ ಈ ಜಿಲ್ಲೆಗಳಿಂದ ಸಾವಿರಾರು ಜನ ಮಲ್ಲಯ್ಯನ ಕಂಬಿಯ ಜೊತೆ ಶ್ರೀಶೈಲಕ್ಕೆ ನಡೆಯುತ್ತಾರೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಕ್ರೈಸ್ತರ ತಪಸ್ಸುಕಾಲವೂ ಬರುತ್ತದೆ, 40 ದಿನ. ನಡೆದು ಬಂದ ಅಂಗಡಿಯವನು ಮರುವಾರವೇ ತಕ್ಕಡಿಯಲ್ಲಿ ಕೈಚಳಕ ತೋರಿಸಿದರೆ ಊರು ಸುಮ್ಮನಿರುವುದಿಲ್ಲ. ಮಾಡುವುದೆಲ್ಲ ಮಾಡಿ ಮಲ್ಲಯ್ಯನ ಹತ್ತಿರ ಹೋಗಿ ಬಂದ ಎಂದು ಆಡಿಕೊಳ್ಳುತ್ತದೆ. ಉಪವಾಸ ಮಾಡಿ, ಈಸ್ಟರ್ ಮುಗಿದ ಮೇಲೆ ಮತ್ತೆ ಮೊದಲಿನ ಹಾಗೇ ಇರುವ ಕ್ರೈಸ್ತನಿಗೂ ಇದೇ ಮಾತು ಬೀಳುತ್ತದೆ.

ಕ್ರೈಸ್ತರಿಗೆ ಈ ಟೀಕೆ ಹೊರಗಿನಿಂದ ಬಂದದ್ದಲ್ಲ, ಅವರ ಬೈಬಲಿನಲ್ಲೇ ಇದೆ. ಯೇಸುವಿನ ಅಪೊಸ್ತಲ ಪೌಲನು ರೋಮಾಪುರದವರಿಗೆ ಪತ್ರ ಬರೆದದ್ದು ಕ್ರಿ.ಶ. 57ರ ಸುಮಾರಿಗೆ. ಪಾಪ ಹೆಚ್ಚಿದ ಕಡೆ ಕೃಪೆ ಇನ್ನೂ ಹೆಚ್ಚಿತು ಎಂದು ಅದರಲ್ಲಿ ಹೇಳುತ್ತಾನೆ. ಕೇಳಿದವನಿಗೆ ತಕ್ಷಣ ಹೊಳೆಯುವ ತುಂಟ ಪ್ರಶ್ನೆ ಅವನಿಗೂ ಗೊತ್ತಿತ್ತು. ಹಾಗಾದರೆ ಕೃಪೆ ಹೆಚ್ಚಲಿ ಎಂದು ಪಾಪ ಮಾಡುತ್ತಲೇ ಇರೋಣವೇ? ಎಂದಿಗೂ ಇಲ್ಲ ಎಂದು ಅವನೇ ಉತ್ತರ ಕೊಡುತ್ತಾನೆ. ಅದಕ್ಕೂ ಮೊದಲು, ಮೂರನೆಯ ಅಧ್ಯಾಯದಲ್ಲಿ, ಒಳ್ಳೆಯದಾಗಲಿ ಎಂದು ಕೆಟ್ಟದ್ದು ಮಾಡಿ ಅಂತ ನಾವು ಕಲಿಸುತ್ತೇವೆಂದು ಕೆಲವರು ದೂರುತ್ತಾರೆ ಎಂದು ಬೇಜಾರು ತೋಡಿಕೊಂಡಿದ್ದಾನೆ. ಅಂದರೆ ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಇನ್ನೂ 30 ವರ್ಷ ತುಂಬುವ ಹೊತ್ತಿಗೇ ಈ ಅಪವಾದ ಅಂಟಿಕೊಂಡಿತ್ತು.

ಆಮೇಲಿನ ಚರಿತ್ರೆ ಓದುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಈ ಸಲಿಗೆಗೆ ಸಭೆ ಹಾಕಿದ ಒಂದೊಂದು ಬೇಲಿಯಲ್ಲೂ ಜನ ಒಂದೊಂದು ಕಿಂಡಿ ಹುಡುಕಿದರು. ಎಷ್ಟೋ ಸಲ ಬೇಲಿಯೇ ಹೊಸ ಸಲಿಗೆಗೆ ದಾರಿಯಾಯಿತು.

ಮೊದಲ ಬೇಲಿ ತುಂಬಾ ಬಿಗಿಯಾಗಿತ್ತು. ಎರಡನೆಯ ಶತಮಾನದಲ್ಲಿ ರೋಮಿನ ಹೆರ್ಮಾಸ್ ಎಂಬವನ ಬರಹದಲ್ಲಿ, ದೀಕ್ಷಾಸ್ನಾನದ ನಂತರ ದೊಡ್ಡ ಪಾಪಕ್ಕೆ ಇನ್ನೊಂದೇ ಒಂದು ಅವಕಾಶ ಎಂಬ ಮಾತು ಬರುತ್ತದೆ. ಒಂದೇ ಅವಕಾಶ ಅಂದಾಗ ಜನ ಏನು ಮಾಡಿದರು? ಹಿಂದಿನ ಪಾಪವನ್ನೆಲ್ಲ ತೊಳೆಯುತ್ತದೆ ಎಂದು ನಂಬಿದ್ದ ದೀಕ್ಷಾಸ್ನಾನವನ್ನೇ ಮುಂದೂಡಿದರು. ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾಯುವ ಹೊತ್ತಿಗೆ. ಅಗಸ್ಟೀನ್ ತನ್ನ ಬಾಲ್ಯದ ಬಗ್ಗೆ ಬರೆಯುತ್ತಾ ಇದನ್ನು ನೇರವಾಗಿ ಹೇಳಿದ್ದಾನೆ. ಚಿಕ್ಕಂದಿನಲ್ಲಿ ಕಾಯಿಲೆ ಜೋರಾದಾಗ ದೀಕ್ಷಾಸ್ನಾನಕ್ಕೆ ಓಡಾಡಿದರು, ಹುಷಾರಾದ ಕೂಡಲೇ ನಿಲ್ಲಿಸಿದರು. ಆಗ ಎಲ್ಲೆಲ್ಲೂ ಇದ್ದ ಮಾತು ಒಂದೇ: ಅವನು ಬೇಕಾದ್ದು ಮಾಡಲಿ ಬಿಡಿ, ಇನ್ನೂ ದೀಕ್ಷಾಸ್ನಾನ ಆಗಿಲ್ಲವಲ್ಲ. ಕ್ಷಮೆ ದುಬಾರಿಯಾಗಲಿ ಎಂದು ಮಾಡಿದ ನಿಯಮ, ಯೌವನವನ್ನೆಲ್ಲ ಲೆಕ್ಕಕ್ಕೇ ಬಾರದಂತೆ ಮಾಡಿಬಿಟ್ಟಿತು.

ಜೈಲಿನಿಂದ ಬಂದ ಚೀಟಿಗಳು

ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಮನುಷ್ಯರ ಕಥೆ ಅನ್ನಿಸುವುದು 250ರ ಗಲಾಟೆ. ಸಾಮ್ರಾಟ ಡೆಸಿಯಸ್ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕು, ಅರ್ಪಿಸಿದ್ದಕ್ಕೆ ಸರ್ಟಿಫಿಕೇಟ್ ಪಡೆಯಬೇಕು ಎಂದು ಆಜ್ಞೆ ಮಾಡಿದ. ಈಜಿಪ್ಟಿನ ಮರಳಿನಲ್ಲಿ ಇಂಥ 40ಕ್ಕೂ ಹೆಚ್ಚು ಸರ್ಟಿಫಿಕೇಟ್‌ಗಳು ಸಿಕ್ಕಿವೆ. ಬಹಳ ಕ್ರೈಸ್ತರು ಹೆದರಿ ಬಲಿ ಅರ್ಪಿಸಿದರು. ಕೆಲವರು ಬಲಿ ಅರ್ಪಿಸದೆ ಲಂಚ ಕೊಟ್ಟು ಕಾಗದ ಮಾತ್ರ ತಂದರು. ಒಪ್ಪದವರು ಜೈಲಿಗೆ ಹೋದರು, ಕೆಲವರು ಸತ್ತರು.

ಕಾಟ ತಣ್ಣಗಾದಾಗ ಬಲಿ ಅರ್ಪಿಸಿದವರು ವಾಪಸ್ ಬಂದರು. ನೇರ ಪಶ್ಚಾತ್ತಾಪಕ್ಕಲ್ಲ, ಚೀಟಿ ಹಿಡಿದು. ಜೈಲಿನಲ್ಲಿ ನರಳಿದವರ ಮಾತಿಗೆ ಸಭೆಯಲ್ಲಿ ಭಾರಿ ತೂಕವಿತ್ತು. ಅವರಿಂದ ಶಿಫಾರಸು ಬರೆಸಿಕೊಂಡು, ಇವತ್ತೇ ಪ್ರಭುಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಕೊಡಿ ಎಂದು ಕೇಳಿದರು. ಕಾರ್ತೇಜಿನ ಬಿಷಪ್ ಸಿಪ್ರಿಯಾನ್ ತನ್ನ ಪತ್ರಗಳಲ್ಲಿ ಗೋಳಾಡಿದ್ದಾನೆ. ಕೆಲವು ಚೀಟಿಗಳಲ್ಲಿ ಇಂಥವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳಿ ಎಂದಷ್ಟೇ ಇತ್ತಂತೆ. ಕಡೆಯವರು ಅಂದರೆ 20 ಜನರೋ 30 ಜನರೋ, ಯಾರು ಲೆಕ್ಕ ಇಡಬೇಕು? ನಮ್ಮ ತಾಲ್ಲೂಕು ಕಚೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೋಮಿನಲ್ಲಿ ನೊವಾಷಿಯನ್ ಎಂಬವನು ಬಲಿ ಅರ್ಪಿಸಿದವರಿಗೆ ಸಭೆಯ ಬಾಗಿಲು ಯಾವತ್ತೂ ತೆರೆಯಬಾರದು ಎಂದು ಹಠ ಹಿಡಿದು ಬೇರೆ ಗುಂಪನ್ನೇ ಕಟ್ಟಿದ. ಸಿಪ್ರಿಯಾನ್ ಎರಡೂ ಕಡೆ ವಾಲಲಿಲ್ಲ. 251ರಲ್ಲಿ ಬಿಷಪ್ಪರನ್ನು ಸೇರಿಸಿ ಒಂದು ತೀರ್ಮಾನಕ್ಕೆ ಬಂದ. ಒಬ್ಬೊಬ್ಬರ ವಿಷಯವನ್ನೂ ಬೇರೆ ಬೇರೆಯಾಗಿ ನೋಡಬೇಕು, ಬಲಿ ಅರ್ಪಿಸಿದವನನ್ನೂ ಕಾಗದ ಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಕಾಲ ತಗೊಂಡರೂ ಬಾಗಿಲು ಮುಚ್ಚಬಾರದು. ಇದು ನಿಧಾನದ ಕೆಲಸ. ಹಾಗಾಗಿಯೇ ಜಾಸ್ತಿ ದಿನ ಬಾಳಲಿಲ್ಲ ಅನ್ನಿಸುತ್ತದೆ.

852 ಜನರ ಉಪವಾಸ

ಆರನೆಯ ಶತಮಾನದಿಂದ ಐರ್ಲೆಂಡಿನ ಸನ್ಯಾಸಿಗಳು ಬೇರೆ ದಾರಿ ಹಿಡಿದರು. ಎಲ್ಲರ ಎದುರು ನಿಲ್ಲುವ ಬದಲು ಗುರುವಿನ ಹತ್ತಿರ ಗುಟ್ಟಾಗಿ ಪಾಪನಿವೇದನೆ, ಒಂದೊಂದು ಪಾಪಕ್ಕೆ ಇಷ್ಟು ದಿನ ರೊಟ್ಟಿ ನೀರಿನ ಉಪವಾಸ ಎಂಬ ಪಟ್ಟಿ. ಎಷ್ಟು ಸಲ ಬೇಕಾದರೂ ಬರಬಹುದು. ಒಳ್ಳೆಯ ಉದ್ದೇಶವೇ. ಆದರೆ ಪಟ್ಟಿ ಬಂದ ಮೇಲೆ ಚೌಕಾಸಿ ಬರದೇ ಇರುತ್ತದೆಯೇ? ಒಂದು ವರ್ಷದ ಉಪವಾಸಕ್ಕೆ ಬದಲು ಇಷ್ಟು ಕೀರ್ತನೆ, ಇಷ್ಟು ಹಣ, ಇಲ್ಲದಿದ್ದರೆ ನಿಮ್ಮ ಪರವಾಗಿ ಇನ್ನೊಬ್ಬರ ಉಪವಾಸ.

ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನ ಒಂದು ನಿಯಮ ಓದಿದರೆ ನಗು ಬರುತ್ತದೆ. ದೊಡ್ಡ ಮನುಷ್ಯನೊಬ್ಬ ಏಳು ವರ್ಷದ ಪ್ರಾಯಶ್ಚಿತ್ತವನ್ನು ಮೂರೇ ದಿನದಲ್ಲಿ ಮುಗಿಸುವ ಉಪಾಯ ಅದು. ಮೊದಲು 12 ಜನರನ್ನು ಕರೆತಂದು ಮೂರು ದಿನ ಉಪವಾಸ ಮಾಡಿಸಬೇಕು. ಆಮೇಲೆ 120 ಜನರ ಏಳು ಗುಂಪಿನಿಂದ ಮೂರು ಮೂರು ದಿನ ಮಾಡಿಸಬೇಕು. ಲೆಕ್ಕ ಹಾಕಿ ನೋಡಿ. ಒಟ್ಟು 852 ಜನ, ತಲಾ ಮೂರು ದಿನ, 2,556 ಉಪವಾಸ. ಏಳು ವರ್ಷದ ದಿನಗಳು 2,555. ಒಂದು ದಿನ ಜಾಸ್ತಿಯೇ ಆಯಿತು! ಅಷ್ಟು ಜನರನ್ನು ಕರೆತರುವ ತಾಕತ್ತು ಬಡ ರೈತನಿಗೆ ಎಲ್ಲಿಂದ ಬರಬೇಕು? ಅವನು ಏಳು ವರ್ಷ ತಾನೇ ಉಪವಾಸ ಬೀಳಬೇಕು.

1215ರ ಲ್ಯಾಟರನ್ ಸಭೆ ಎಲ್ಲರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕು ಎಂದು ಕಡ್ಡಾಯ ಮಾಡಿತು. ಆಮೇಲಿನ ಇಂಡಲ್ಜೆನ್ಸ್, ಅಂದರೆ ಸಭೆ ಹಣಕ್ಕೆ ಕೊಟ್ಟ ವಿನಾಯಿತಿ ಪತ್ರಗಳ ಕಥೆ ಶಾಲೆಯ ಪಾಠದಲ್ಲೇ ಬಂದಿದೆ, ಬೆಳೆಸುವುದಿಲ್ಲ. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ಕಥೋಲಿಕ ಬೋಧನೆಯ ಪ್ರಕಾರ ಆ ಪತ್ರ ಪಾಪಕ್ಕೆ ಕ್ಷಮೆಯಲ್ಲ. ಕ್ಷಮೆ ಸಿಕ್ಕ ಮೇಲೂ ಉಳಿಯುವ ಶಿಕ್ಷೆಯ ಬಾಕಿಗೆ ವಿನಾಯಿತಿ ಅಷ್ಟೆ. ಸಂತೆಯಲ್ಲಿ ನಿಂತು ಮಾರುವವನು ಈ ಸೂಕ್ಷ್ಮ ಹೇಳುತ್ತಾನೆಯೇ? 1517ರಲ್ಲಿ ಲೂಥರ್ 95 ವಾದಗಳನ್ನು ಬರೆದಾಗ ಮೊದಲನೆಯದರಲ್ಲೇ, ನಂಬುವವನ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಎಂದ. ಹಣಕ್ಕೆ ಇಂಡಲ್ಜೆನ್ಸ್ ಕೊಡುವುದನ್ನು ರೋಮ್ ಕೂಡ 1567ರಲ್ಲಿ ರದ್ದು ಮಾಡಿತು.

ಅಲ್ಲಿಗೆ ರೋಗ ವಾಸಿಯಾಯಿತೇ? ಲೂಥರನೇ ಇಲ್ಲ ಅನ್ನುತ್ತಾನೆ. ಹತ್ತು ವರ್ಷದ ನಂತರ ಸ್ಯಾಕ್ಸನಿಯ ಹಳ್ಳಿಗಳನ್ನು ಸುತ್ತಿ ಬಂದು ಅವನು ಕಂಗಾಲಾದ. ಸುವಾರ್ತೆ ಬಂದ ಮೇಲೆ ಜನ ಆ ಸ್ವಾತಂತ್ರ್ಯವನ್ನು ದುರುಪಯೋಗ ಮಾಡುವುದನ್ನೇ ಚೆನ್ನಾಗಿ ಕಲಿತಿದ್ದಾರೆ ಎಂದು 1529ರಲ್ಲಿ ಕಹಿಯಾಗಿ ಬರೆದ. ಮೊದಲು ಕ್ಷಮೆಗೆ ಕಾಸು ಕೊಡಬೇಕಿತ್ತು, ಈಗ ಅದೂ ಬೇಡವಾಯಿತು.

ಗುಳೇದಗುಡ್ಡಕ್ಕೆ ಬಂದ ಶಿಸ್ತು

ನಮ್ಮ ಕಡೆಯ ಸಭೆಗಳಿಗೆ ಈ ಚರ್ಚೆ ಬಂದದ್ದು ಪುಸ್ತಕದ ಮೂಲಕವಲ್ಲ, ನಿಯಮದ ರೂಪದಲ್ಲಿ. ಲೂಥರನ ಸಭೆಗಳಲ್ಲಿ ನಂಬಿಕೆ ಬಾಯಿಮಾತಾಗಿದೆ ಎಂದು ನೊಂದ ಜರ್ಮನ್ ಭಕ್ತರು 17ನೇ ಶತಮಾನದ ಕೊನೆಗೆ ಪಯಟಿಸಂ ಎಂಬ ಚಳವಳಿ ಕಟ್ಟಿದರು. ಮಾನಸಾಂತರ ಆದವನ ನಡತೆಯಲ್ಲಿ ಅದು ಕಾಣಬೇಕು ಎಂಬುದು ಅವರ ಪಟ್ಟು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಅದೇ ಮರದ ಕೊಂಬೆ. ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಮುಂದೆ ಗುಳೇದಗುಡ್ಡದ ನೇಕಾರರ ನಡುವೆ, ವಿಜಯಪುರಕ್ಕೆ ಹೀಗೆ ಅದು ಹಬ್ಬಿತು. ಕುಡಿತ, ಜಗಳ, ಬಿಟ್ಟುಬಂದ ಪೂಜೆಗೆ ಮರಳುವುದು ಇಂಥ ತಪ್ಪಿಗೆ ಸಭೆಯ ಹಿರಿಯರು ಕರೆಸಿ ಕೇಳುತ್ತಿದ್ದರು, ಪ್ರಭುಭೋಜನದಿಂದ ದೂರವಿಡುತ್ತಿದ್ದರು. ಜರ್ಮನಿಯ ಬಿಗಿ ಇಲ್ಲಿನ ದೈವದವರ ಪಂಚಾಯ್ತಿಗೆ ಸುಲಭವಾಗಿ ಹೊಂದಿಕೊಂಡಿತು. ಸಭೆಯೂ ಕೆಲಸವೂ ಮಿಷನ್ನಿನ ಕೈಯಲ್ಲೇ ಇದ್ದ ಕಡೆ ಆ ಶಿಕ್ಷೆ ಹೊಟ್ಟೆಗೂ ತಟ್ಟುತ್ತಿತ್ತು ಎಂಬುದನ್ನು ಮರೆಯಬಾರದು.

ಬೆಳಗಾವಿಯ ದಾರಿ ಬೇರೆ. 1820ರಲ್ಲಿ ಇಲ್ಲಿಗೆ ಬಂದದ್ದು ಲಂಡನ್ ಮಿಷನರಿ ಸೊಸೈಟಿ. 1904ರಲ್ಲಿ ಅವರು ಕೆಲಸವನ್ನು ಮೆಥೋಡಿಸ್ಟರಿಗೆ ಒಪ್ಪಿಸಿ ಹೋದರು. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಗೂ ಈ ಸಲಿಗೆ ಕಂಡರೆ ಆಗುತ್ತಿರಲಿಲ್ಲ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ಸುಮಾರು 12 ಜನಕ್ಕೆ ಒಬ್ಬ ಮುಂದಾಳು, ವಾರಕ್ಕೆ ತಲಾ ಒಂದು ಪೆನ್ನಿ ಎಂದು ಗುಂಪು ಮಾಡಿದರು. ಪೆನ್ನಿ ವಸೂಲಿಗೆ ಮನೆಮನೆಗೆ ಹೋದ ಮುಂದಾಳುಗಳಿಗೆ ಮನೆಯೊಳಗಿನ ಜಗಳ, ಕುಡಿತ ಎಲ್ಲ ಕಣ್ಣಿಗೆ ಬಿತ್ತು. ಅಲ್ಲಿಂದ ಆ ಗುಂಪುಗಳೇ ನಡತೆ ವಿಚಾರಿಸುವ ಕೂಟಗಳಾದವು. ಮರುವರ್ಷ ನ್ಯೂಕಾಸಲ್‌ನಲ್ಲಿ ವೆಸ್ಲಿ 64 ಜನರನ್ನು ಹೊರಗೆ ಹಾಕಿ ಕಾರಣ ಸಮೇತ ದಿನಚರಿಯಲ್ಲಿ ಬರೆದಿಟ್ಟ. ಕುಡಿತಕ್ಕೆ 17 ಜನ, ಹೆಂಡತಿಯನ್ನು ಹೊಡೆದಿದ್ದಕ್ಕೆ ಒಬ್ಬ, ಸೋಮಾರಿತನಕ್ಕೆ ಒಬ್ಬ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ 29, ಅವರ ತಪ್ಪು ಹಗುರ ಮನಸ್ಸು ಮತ್ತು ಅಲಕ್ಷ್ಯ. ಹೆಂಡತಿಯನ್ನು ಹೊಡೆದವನು ನಿಜವಾಗಿ ಒಬ್ಬನೇ ಇದ್ದನೇ ಎಂಬ ಅನುಮಾನ ನನಗೆ ಇದ್ದೇ ಇದೆ.

ಇಷ್ಟು ಬಿಗಿ ಮಾಡಿದರೆ ಇನ್ನೊಂದು ಕಡೆ ಕುಸಿಯುತ್ತದೆ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಕ್ಷಮೆ ಹೇಗೂ ಸಿಗುತ್ತದೆ ಎಂಬ ಸೊಕ್ಕನ್ನು ಪವಿತ್ರಾತ್ಮನ ವಿರುದ್ಧದ ಪಾಪಗಳ ಸಾಲಿಗೆ ಸೇರಿಸಿದ್ದಾನೆ. ಆದರೂ ಅದಕ್ಕಿಂತ ಹತಾಶೆ ದೊಡ್ಡ ಪಾಪ ಎನ್ನುತ್ತಾನೆ. ಶಿಕ್ಷಿಸುವುದಕ್ಕಿಂತ ಕರುಣಿಸುವುದೇ ದೇವರ ಸ್ವಭಾವಕ್ಕೆ ಹತ್ತಿರ ಎಂಬುದು ಅವನ ಕಾರಣ. ಪ್ರವಚನಪೀಠದಿಂದ ಬೆದರಿಸುವವರು ಈ ಸಾಲು ಓದಬೇಕು. ಬೆದರಿಕೆ ದಪ್ಪ ಚರ್ಮದವನಿಗೆ ತಟ್ಟುವುದಿಲ್ಲ. ಮೊದಲೇ ನಾನು ಪಾಪಿ, ನನಗೆ ದಾರಿಯಿಲ್ಲ ಎಂದು ಒಳಗೊಳಗೇ ಕೊರಗುವ ಹೆಣ್ಣುಮಗಳಿಗೆ ತಟ್ಟುತ್ತದೆ.

20ನೇ ಶತಮಾನದಲ್ಲಿ ಈ ಪ್ರಶ್ನೆಗೆ ಹೊಸ ಚುರುಕು ಕೊಟ್ಟವನು ಜರ್ಮನ್ ಪಾಸ್ಟರ್ ಡೀಟ್ರಿಚ್ ಬೋನ್‌ಹೋಫರ್. 1937ರಲ್ಲಿ, ಹಿಟ್ಲರನ ಆಳ್ವಿಕೆಯಲ್ಲಿ, ಅಗ್ಗದ ಕೃಪೆಯೇ ನಮ್ಮ ಸಭೆಯ ಪರಮ ಶತ್ರು ಎಂದು ಬರೆದ. ಪಶ್ಚಾತ್ತಾಪ ಕೇಳದೆ ಕ್ಷಮೆ ಸಾರುವುದು, ಶಿಸ್ತಿಲ್ಲದ ದೀಕ್ಷಾಸ್ನಾನ, ಶಿಲುಬೆ ಇಲ್ಲದ ಕೃಪೆ ಎಲ್ಲವೂ ಅಗ್ಗದ ಮಾಲು ಎಂದ. ಅದೇ ವರ್ಷ ಅವನು ನಡೆಸುತ್ತಿದ್ದ ಪಾಸ್ಟರ್ ತರಬೇತಿ ಶಾಲೆಯನ್ನು ಗೆಸ್ಟಾಪೊ ಮುಚ್ಚಿಸಿತು. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು, ವಯಸ್ಸು 39. ನೆರೆಮನೆಯ ಯೆಹೂದ್ಯರನ್ನು ಹಿಡಿದೊಯ್ಯುತ್ತಿದ್ದಾಗ ಭಾನುವಾರ ಭಾನುವಾರ ಕ್ಷಮೆ ಪಡೆದು ಮನೆಗೆ ಹೋಗುತ್ತಿದ್ದ ಸಭೆಗೆ ಆ ಮಾತು ಚುಚ್ಚಬೇಕಿತ್ತು.

ಇಲ್ಲಿಗೆ ನನ್ನ ತಕರಾರು ಹೇಳುತ್ತೇನೆ. ಈ ಚರ್ಚೆಯಲ್ಲಿ ಹೆಚ್ಚಾಗಿ ಇಬ್ಬರೇ ಇರುತ್ತಾರೆ, ದೇವರು ಮತ್ತು ಪಾಪಿ. ಪೆಟ್ಟು ತಿಂದ ಮೂರನೆಯವರು ಎಲ್ಲಿ? ಹಳೆಯ ಕಾಲದ ಪ್ರಾಯಶ್ಚಿತ್ತ ಎಲ್ಲರ ಎದುರು ನಡೆಯುತ್ತಿದ್ದಾಗ ಅವರೂ ಅಲ್ಲೇ ಜನರ ನಡುವೆ ಇರುತ್ತಿದ್ದರು. ಗುಟ್ಟಿನ ನಿವೇದನೆ ಬಂದಾಗ ಅವರು ಕೋಣೆಯ ಹೊರಗೇ ಉಳಿದರು. ಕದ್ದದ್ದನ್ನು ಹಿಂದಿರುಗಿಸದೆ ಪಾಪಕ್ಕೆ ಕ್ಷಮೆಯಿಲ್ಲ ಎಂದು ಅಗಸ್ಟೀನ್ ಮಾಕೆದೋನಿಯಸ್ ಎಂಬ ಅಧಿಕಾರಿಗೆ ಬರೆದಿದ್ದ. ಬೈಬಲಿನ ಸುಂಕದವನು ಜಕ್ಕಾಯ ಕೂಡ ಯೇಸುವಿನ ಎದುರು ನಿಂತು, ಮೋಸದಿಂದ ಕಿತ್ತದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಎಂದ. ಈ ಮಾತು ಉಪದೇಶದಲ್ಲಿ ಬರುತ್ತದೆ, ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ.

ಇದರ ಅತಿ ಕೆಟ್ಟ ರೂಪ ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ದೌರ್ಜನ್ಯದಲ್ಲಿ ಜಗತ್ತಿಗೆ ಕಂಡಿತು. ಐರ್ಲೆಂಡಿನ 2009ರ ಎರಡು ತನಿಖಾ ವರದಿಗಳು ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ಬಿಚ್ಚಿದವು. ಮರುವರ್ಷ ಮೇ ತಿಂಗಳಲ್ಲಿ ಪೋರ್ಚುಗಲ್‌ಗೆ ಹೋಗುವ ವಿಮಾನದಲ್ಲಿ ಪೋಪ್ 16ನೇ ಬೆನೆಡಿಕ್ಟ್ ಪತ್ರಕರ್ತರಿಗೆ, ಕ್ಷಮೆ ನ್ಯಾಯದ ಜಾಗ ತುಂಬುವುದಿಲ್ಲ ಎಂದರು. ಎಷ್ಟೋ ಮನೆಗಳಿಗೆ ಆ ಮಾತು ತಡವಾಗಿ ಬಂತು.

ನಮ್ಮ ಊರುಗಳಲ್ಲಿ ಇಷ್ಟು ಘೋರ ಬೇಡ, ಸಣ್ಣದೇ ಸಾಕು. ಕೈಸಾಲ ತೀರಿಸದವನು ದೇವರ ಹತ್ತಿರ ಒಪ್ಪಿಕೊಂಡೆ ಎನ್ನುತ್ತಾನೆ. ಹೆಂಡತಿಗೆ ಹೊಡೆದವನು ಆರಾಧನೆಯಲ್ಲಿ ತಾನು ಬದಲಾದೆ ಎಂದು ಸಾಕ್ಷಿ ಹೇಳಿ ಅತ್ತರೆ ಸಭೆ ಕರಗುತ್ತದೆ. ದೇವರೇ ಕ್ಷಮಿಸಿದ್ದಾನೆ, ನೀನ್ಯಾಕವ್ವ ಹಿಡ್ಕೊಂಡು ಕುಂತಿ ಎಂದು ಅವಳಿಗೇ ಬುದ್ಧಿ ಹೇಳುತ್ತಾರೆ. ಸಲಿಗೆ ತಗೊಂಡವನು ಅವನು, ಬೆಲೆ ತೆತ್ತವಳು ಅವಳು.

ಇದಕ್ಕೆ ಹೊಸ ಉಪಾಯ ಹುಡುಕಬೇಕಿಲ್ಲ. ಮೆಥೋಡಿಸ್ಟರ ಪ್ರಭುಭೋಜನದ ಕ್ರಮಕ್ಕೆ ಮೂಲವಾದ ಇಂಗ್ಲೆಂಡಿನ 16ನೇ ಶತಮಾನದ ಆಹ್ವಾನದಲ್ಲಿ ಮೂರು ಷರತ್ತುಗಳಿವೆ. ನಿಜವಾದ ಪಶ್ಚಾತ್ತಾಪ ಇರಬೇಕು, ನೆರೆಯವರ ಜೊತೆ ಪ್ರೀತಿಯಿಂದ ಇರಬೇಕು, ಹೊಸ ಬದುಕಿನ ನಿರ್ಧಾರ ಇರಬೇಕು. ಮೂರನೆಯವರಿಗೆ ನಡುವಿನ ಷರತ್ತಿನಲ್ಲಿ ಜಾಗವಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಎಂದು ಯೇಸು ಹೇಳಿದ್ದೂ ಇದನ್ನೇ. ಪ್ರಭುಭೋಜನಕ್ಕೆ ಒಂದು ದಿನ ಮುಂಚೆ ತಯಾರಿಯ ಕೂಟ ನಡೆಸುವ ಹಳೆಯ ಪದ್ಧತಿ ಪ್ರೊಟೆಸ್ಟೆಂಟ್ ಸಭೆಗಳಲ್ಲಿದೆ. ಅದನ್ನು ಬಿಡದ ಕಡೆ ಒಂದು ರಾತ್ರಿಯಾದರೂ ಕೈಯಲ್ಲಿರುತ್ತದೆ. ಬಿಟ್ಟ ಕಡೆ ಆಹ್ವಾನ ಓದುವುದಕ್ಕೂ ಜನ ಏಳುವುದಕ್ಕೂ ನಡುವೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಬೆಳಗಾವಿಯಿಂದ ಗೋಕಾಕಕ್ಕೆ ಹೋಗಿ, ತಮ್ಮನ ಮನೆಯ ಕದ ತಟ್ಟಿ, ಮಾತಾಡಿ ಬರಲು ಯಾರಿಗೆ ಆಗುತ್ತದೆ?