ಅಲ್ಲಿ ಇದ್ದಿಲಿಗೇ ದೊಡ್ಡ ಮನೆ

ಸ್ಕಾಟ್ಲೆಂಡಲ್ಲಿ ಓಬನ್ ಕಡೆ ಹೋಗೋ ಟ್ರೈನಲ್ಲಿ ಟೇನ್ಯುಲ್ಟ್ ಅನ್ನೋ ಪುಟ್ಟ ಊರು ಸಿಗುತ್ತೆ, ಅಲ್ಲಿ ಇಳಿದು ಸ್ವಲ್ಪ ದೂರ ನಡೆದ್ರೆ ಬೊನಾವ್ ಕುಲುಮೆ. ಸುತ್ತ ಹುಲ್ಲು, ಮರ, ಆಚೆಗೆ ಎಟಿವ್ ಅನ್ನೋ ಸಮುದ್ರದ ಹಿನ್ನೀರು. 1753ರಲ್ಲಿ ಶುರುವಾಗಿ 1876ರವರೆಗೆ ಇಲ್ಲಿ ಕಬ್ಬಿಣ ಕರಗಿಸ್ತಿದ್ರು ಅಂದ್ರೆ ನಂಬೋಕೇ ಕಷ್ಟ.

ಕುಲುಮೆ ನೋಡೋಕೆ ಅಂತ ಹೋದವನು ಜಾಸ್ತಿ ಹೊತ್ತು ನಿಂತಿದ್ದು ಇದ್ದಿಲಿನ ಗೋದಾಮಲ್ಲಿ. ಎಷ್ಟು ದೊಡ್ಡದು ಅಂತೀರಾ! ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದಾರೆ, ಮೇಲಿನ ಬಾಗಿಲಿಂದ ಇದ್ದಿಲು ಸುರಿಯೋದು, ಕೆಳಗಿನ ಬಾಗಿಲಿಂದ ತೆಗೆಯೋದು. ಇದ್ದಿಲು ಹಗುರ, ಆದ್ರೆ ಜಾಗ ತುಂಬಾ ತಿನ್ನುತ್ತೆ, ಮಳೇಲಿ ನೆಂದ್ರೆ ಕೆಲಸಕ್ಕೆ ಬರಲ್ಲ, ಗಾಡೀಲಿ ದೂರ ಸಾಗಿಸಿದ್ರೆ ಕುಲುಕಾಟಕ್ಕೆ ಪುಡಿಯಾಗುತ್ತೆ, ಪುಡಿ ಹಾಕಿದ್ರೆ ಕುಲುಮೆಯೊಳಗೆ ಗಾಳಿ ಆಡಲ್ಲ. ಅದಕ್ಕೇ ಇಂಗ್ಲೆಂಡಿನ ಕಂಬ್ರಿಯಾ ಸೀಮೆಯ ಕಂಪನಿಯವರು ಅದಿರನ್ನೇ ಹಡಗಲ್ಲಿ ತುಂಬಿಸಿ ಈ ಕಾಡಿನ ಹತ್ರ ತಂದ್ರು. ಅದಿರಿನ ಗೋದಾಮಿನ ಗೋಡೆಗಳಲ್ಲಿ ಈಗ್ಲೂ ಕೆಂಪು ಕಲೆ ಇದೆ, ನಮ್ಮ ಕೆಮ್ಮಣ್ಣಿನದೇ ಬಣ್ಣ. ಎರಡಕ್ಕೂ ಆ ಕೆಂಪು ಬಂದಿರೋದು ಕಬ್ಬಿಣದ ಆಕ್ಸೈಡಿಂದ, ಅಂದ್ರೆ ಆಕ್ಸಿಜನ್ ಜೊತೆ ಸೇರ್ಕೊಂಡಿರೋ ಕಬ್ಬಿಣದಿಂದ.

ಆ ಆಕ್ಸಿಜನ್ನನ್ನ ಕಬ್ಬಿಣದಿಂದ ಬಿಡಿಸೋದೇ ಕುಲುಮೆ ಕೆಲಸ. ಮೇಲಿಂದ ಇದ್ದಿಲು, ಅದಿರು, ಸುಣ್ಣಕಲ್ಲು ಹಾಕ್ತಾ ಹೋಗೋದು, ಕೆಳಗಿಂದ ಗಾಳಿ ಊದೋದು. ತಿದಿ ಒತ್ತೋಕೆ ನೀರಿನ ಚಕ್ರ, ಅದಕ್ಕೆ ಆವ್ ನದಿಯಿಂದ ಕಾಲುವೆ. ಇದ್ದಿಲು ಉರಿದಾಗ ಹುಟ್ಟೋ ಕಾರ್ಬನ್ ಮೋನಾಕ್ಸೈಡ್ ಅದಿರಿನ ಆಕ್ಸಿಜನ್ನನ್ನ ಕಿತ್ಕೊಳ್ಳುತ್ತೆ, ಸುಣ್ಣ ಕಲ್ಮಶವನ್ನೆಲ್ಲ ಕಿಟ್ಟ ಮಾಡಿ ಮೇಲೆ ತೇಲಿಸುತ್ತೆ. ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಶುದ್ಧ ಕಬ್ಬಿಣ ಕರಗೋಕೆ 1538 ಡಿಗ್ರಿ ಸೆಲ್ಸಿಯಸ್ ಬೇಕು, ಆದ್ರೆ ಇದ್ದಿಲಿನ ಕಾರ್ಬನ್ನನ್ನ 4% ಹೀರ್ಕೊಂಡ್ರೆ ಸುಮಾರು 1150 ಡಿಗ್ರಿಗೇ ನೀರಾಗಿಬಿಡುತ್ತೆ. ಅಂದ್ರೆ ಇದ್ದಿಲು ಬರೀ ಬೆಂಕಿ ಕೊಡ್ತಿರಲಿಲ್ಲ, ಕಬ್ಬಿಣದೊಳಗೇ ಸೇರ್ಕೊಂಡು ಅದನ್ನ ಬೇಗ ಕರಗಿಸ್ತಿತ್ತು. ಹೀಗೆ ಬಂದಿದ್ದು ಬೀಡುಕಬ್ಬಿಣ. ಕುಲುಮೆ ಬಾಯಿ ಮೇಲಿನ ತೊಲೇನೂ ಎರಕದ ಕಬ್ಬಿಣದ್ದೇ, ಅದರಲ್ಲಿ 1753 ಅನ್ನೋ ಇಸವಿ ಇವತ್ತಿಗೂ ಓದೋ ಹಾಗಿದೆ.

ಕಲ್ಲಿದ್ದಲಿನ ಕೋಕ್ ಬಳಸಿ ಕಬ್ಬಿಣ ಮಾಡೋದು ಇಂಗ್ಲೆಂಡಿನ ಕೋಲ್‌ಬ್ರುಕ್‌ಡೇಲಲ್ಲಿ 1709ರಲ್ಲೇ ಗೊತ್ತಾಗಿತ್ತು, ಆದ್ರೂ ಇದ್ದಿಲಿನ ಕಬ್ಬಿಣಕ್ಕೆ ಬೇಡಿಕೆ ಇತ್ತು, ಯಾಕಂದ್ರೆ ಇದ್ದಿಲಲ್ಲಿ ಗಂಧಕ ಇಲ್ಲ ಅನ್ನೋಷ್ಟು ಕಮ್ಮಿ, ಗಂಧಕ ಸೇರಿದ ಕಬ್ಬಿಣ ಕೆಂಪಗೆ ಕಾಯಿಸಿ ಬಡಿದ್ರೆ ಬಿರುಕು ಬಿಡುತ್ತೆ. ನಮ್ಮ ಭದ್ರಾವತಿ ಕಾರ್ಖಾನೆ 1923ರಲ್ಲಿ ಶುರುವಾದಾಗ ಅಲ್ಲೂ ಉರಿದಿದ್ದು ಕಾಡಿನ ಸೌದೆಯ ಇದ್ದಿಲೇ.

ಇಷ್ಟೆಲ್ಲ ಇದ್ದಿಲಿಗೆ ಕಾಡು ಪೂರ್ತಿ ಬೋಳಾಗಿರಬೇಕು ಅಂದ್ಕೊಂಡಿದ್ದೆ. ಹಂಗಾಗಿಲ್ಲ. ಓಕ್ ಮರಾನ ಬುಡದ ಹತ್ರ ಕಡಿದು ಬೊಡ್ಡೆ ಉಳಿಸ್ತಿದ್ರು, ಅದು ಮತ್ತೆ ಚಿಗುರಿ ಇಪ್ಪತ್ತು ವರ್ಷದ ಆಸುಪಾಸಲ್ಲಿ ಇನ್ನೊಂದು ಫಸಲು ಸಿಗೋದು. ಹತ್ತಿರದ ಗ್ಲೆನ್ ನಾಂಟ್ ಕಾಡಲ್ಲಿ ಅಂಥ ಓಕ್‌ಗಳು ಇವತ್ತಿಗೂ ಇವೆ, ಇಳಿಜಾರಲ್ಲಿ ಅಲ್ಲಲ್ಲಿ ದುಂಡಗೆ ಮಟ್ಟ ಮಾಡಿದ ಜಾಗಗಳೂ ಇವೆ, ಇದ್ದಿಲು ಸುಡ್ತಿದ್ದ ಜಾಗಗಳು. ಒಂದು ಕಡೆ ಕೂತು ತರಗೆಲೆ ಸರಿಸಿದೆ, ಕೆಳಗೆ ಮಣ್ಣು ಕಪ್ಪಗಿತ್ತು. ಉಗುರಿನಷ್ಟು ಒಂದು ಚೂರು ಸಿಕ್ತು, ಅಂಗೈ ಮೇಲೆ ಎಳೆದೆ, ಕರೀ ಗೆರೆ ಮೂಡ್ತು.